ವಿದ್ಯುತ್ ಓವನ್‌ನ ಕೀಪ್ಯಾಡ್ ದೋಷ

ಗುಂಡಿ ಒತ್ತಿದರೂ ಓವನ್ ಓಗೊಡದಿರುವುದು, 2 ಒತ್ತಿದರೆ 5 ಬೀಳುವುದು, ಯಾರೂ ಮುಟ್ಟದಿದ್ದರೂ ತಾನಾಗಿಯೇ ಬೀಪ್ ಎನ್ನುತ್ತಿರುವುದು: ಇವನ್ನೆಲ್ಲ ಒಟ್ಟಾಗಿ ಕೀಪ್ಯಾಡ್ ದೋಷ ಎನ್ನುತ್ತಾರೆ. ಮನೆಯ ಮೈಕ್ರೋವೇವ್, ಡಿಜಿಟಲ್ ಓಟಿಜಿ, ಬೇಕರಿಯ ದೊಡ್ಡ ಓವನ್ ಎಲ್ಲಕ್ಕೂ ಇದು ಬರುತ್ತದೆ. ದೊಡ್ಡ ಊರಿನಲ್ಲಿ ಇದು ಅರ್ಧ ದಿನದ ಕಿರಿಕಿರಿ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂಥ ಹೋಬಳಿ ಊರಿನಲ್ಲಿ ಓವನ್ನನ್ನು ಮುಳಬಾಗಿಲಿಗೋ ಕೋಲಾರಕ್ಕೋ ಹೊತ್ತೊಯ್ಯಬೇಕು, ಬಿಡಿಭಾಗಕ್ಕೆ ಕಾಯಬೇಕು, ಮತ್ತೆ ತರಬೇಕು. ಅಷ್ಟೆಲ್ಲ ಆದಮೇಲೆ ಕಿವಿಗೆ ಬೀಳುವುದು ಸಾಮಾನ್ಯವಾಗಿ ‘ಬೋರ್ಡ್ ಹೋಗಿದೆ’ ಎಂಬ ಒಂದೇ ಮಾತು. ಆ ಮಾತು ಹಲವು ಸಲ ಪರೀಕ್ಷೆಗೆ ಮುಂಚೆಯೇ ಹೊರಟಿರುತ್ತದೆ. ಯಾವ ಗುಂಡಿಗಳು ಸತ್ತಿವೆ, ಯಾವುವು ಬದುಕಿವೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರೆ ದೋಷ ಎಲ್ಲಿದೆ ಎಂಬುದು ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತದೆ. ದುಡ್ಡು ಕೊಟ್ಟು ಭಾಗ ಬದಲಿಸುವುದು ಅದಾದ ಮೇಲಿನ ಕೆಲಸ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಕೀಪ್ಯಾಡಿನ ಒಳಗೆ ನೋಡಬೇಕು. ಹೊರಗೆ ಒಂದೇ ನುಣುಪು ಹಾಳೆಯಂತೆ ಕಾಣುವುದು ವಾಸ್ತವದಲ್ಲಿ ಪ್ಲಾಸ್ಟಿಕ್ಕಿನ ಹಲವು ತೆಳು ಪದರ. ಎರಡು ಪದರಗಳ ಮೇಲೆ ಬೆಳ್ಳಿಪುಡಿ ಬೆರೆತ ಶಾಯಿಯಿಂದ ಗೆರೆ ಎಳೆದಿರುತ್ತಾರೆ. ನಡುವೆ ತೂತುಗಳಿರುವ ಮೂರನೆಯದೊಂದು ಪದರ ಅವನ್ನು ಬೇರೆಯಾಗಿಡುತ್ತದೆ. ಬೆರಳು ಒತ್ತಿದಾಗ ಮೇಲಿನ ಗೆರೆ ತೂತಿನ ಮೂಲಕ ಬಾಗಿ ಕೆಳಗಿನ ಗೆರೆಯನ್ನು ಮುಟ್ಟುತ್ತದೆ, ಬಿಟ್ಟರೆ ಬಿಡಿಸಿಕೊಳ್ಳುತ್ತದೆ. ಒಂದೊಂದು ಗುಂಡಿಗೆ ಒಂದೊಂದು ಜೊತೆ ತಂತಿ ಎಳೆಯುವ ಬದಲು ಗುಂಡಿಗಳನ್ನು ಚೌಕಾಬಾರ ಮನೆಯಂತೆ ಅಡ್ಡ ಸಾಲು, ಉದ್ದ ಸಾಲುಗಳಲ್ಲಿ ಜೋಡಿಸುತ್ತಾರೆ. ನಾಲ್ಕು ಅಡ್ಡ, ನಾಲ್ಕು ಉದ್ದ ಗೆರೆ ಇದ್ದರೆ 8 ಎಳೆಗಳಲ್ಲಿ 16 ಗುಂಡಿಗಳ ಕೆಲಸ ಮುಗಿಯಿತು. ಓವನ್ನನ್ನು ನಡೆಸುವ ಬೋರ್ಡಿನ ಮೇಲಿರುವ ಚಿಪ್ಪು ಒಂದೊಂದೇ ಸಾಲಿಗೆ ಸಂಕೇತ ಕಳಿಸಿ, ಯಾವ ಅಡ್ಡಗೆರೆಗೆ ಯಾವ ಉದ್ದಗೆರೆ ಸೇರಿದೆ ಎಂದು ಸೆಕೆಂಡಿಗೆ ಹತ್ತಾರು ಸಲ ವಿಚಾರಿಸುತ್ತಲೇ ಇರುತ್ತದೆ. ಹೀಗಾಗಿ ಒಂದೇ ಗುಂಡಿ ಸತ್ತಿದ್ದರೆ ದೋಷ ಆ ಗುಂಡಿಯ ಕೆಳಗೇ ಇದೆ. ಮೂರೋ ನಾಲ್ಕೋ ಗುಂಡಿ ಒಟ್ಟಿಗೆ ಸತ್ತು ಉಳಿದವು ಸರಿಯಿದ್ದರೆ ಅವೆಲ್ಲ ಹಂಚಿಕೊಂಡ ಒಂದು ಗೆರೆ ಕಡಿದಿದೆ, ಇಲ್ಲವೇ ಕೀಪ್ಯಾಡನ್ನು ಬೋರ್ಡಿಗೆ ಸೇರಿಸುವ ರಿಬ್ಬನ್ ತಂತಿಯ ಒಂದು ಎಳೆ ಸಾಕೆಟ್ಟಿನಲ್ಲಿ ಕೂತಿಲ್ಲ. ಒಂದು ಗುಂಡಿ ಸದಾ ಒತ್ತಿದಂತೆಯೇ ಇದ್ದರೆ ಎರಡು ಪದರ ಅಂಟಿಕೊಂಡಿವೆ ಅಥವಾ ನಡುವೆ ತೇವ ಇಳಿದಿದೆ. ಇಂಥ ಹೊತ್ತಿನಲ್ಲಿ ಹಲವು ಓವನ್‌ಗಳು ಪರದೆಯ ಮೇಲೆ ದೋಷಸಂಕೇತ ತೋರಿಸುತ್ತವೆ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಓವನ್ ಜೊತೆ ಬಂದ ಪುಸ್ತಕವನ್ನೇ ನೋಡಬೇಕು. ಕಣ್ಣಿಗೆ ಒಂದೇ ಸಾಲಿನಲ್ಲಿ ಕಾಣುವ ಗುಂಡಿಗಳು ಒಳಗೆ ಒಂದೇ ಗೆರೆಯಲ್ಲಿ ಇರಲೇಬೇಕೆಂದಿಲ್ಲ ಎಂಬುದನ್ನೂ ನೆನಪಿಡಬೇಕು. ಮೇಲಿನ ಅಂದ ಒಂದು, ಒಳಗಿನ ಹೆಣಿಗೆ ಇನ್ನೊಂದು.

ತೇವ ಬರುವ ದಾರಿ ಊರಿಂದೂರಿಗೆ ಬೇರೆ. ಮಂಗಳೂರಿನ ಕಡೆ ಮಳೆಗಾಲದ ಗಾಳಿಯೇ ಒದ್ದೆ, ಅಲ್ಲಿ ಮೊದಲ ಅನುಮಾನ ಅದರ ಮೇಲೆಯೇ ಬೀಳುವುದು ಸರಿ. ಕೋಲಾರ ಸೀಮೆ ಒಣನಾಡು: ತುಂಬಿ ಹರಿಯುವ ಹೊಳೆಯಿಲ್ಲ, ಮಳೆ ಕಡಿಮೆ, ಬದುಕೆಲ್ಲ ಕೆರೆ ಮತ್ತು ಬೋರ್‌ವೆಲ್ ಮೇಲೆ. ಇಲ್ಲಿ ಕೀಪ್ಯಾಡಿಗೆ ತೇವ ತರುವುದು ಅಡುಗೆಮನೆಯೇ: ಪಕ್ಕದ ಒಲೆಯ ಆವಿ, ಒಗ್ಗರಣೆಯ ಎಣ್ಣೆಹೊಗೆ, ಎಲ್ಲಕ್ಕಿಂತ ಹೆಚ್ಚಾಗಿ ಒರೆಸುವ ಒದ್ದೆಬಟ್ಟೆ. ಆಳದ ಬೋರಿನ ನೀರು ಗಡಸು. ಒಣಗಿದ ಮೇಲೆ ಬಕೆಟ್ಟಿನ ಅಂಚಿಗೆ ಬಿಳಿಯಾಗಿ ಕಟ್ಟುವ ಉಪ್ಪೇ ಕೀಪ್ಯಾಡಿನ ಬಿರುಕಿಗೂ ಇಳಿಯುತ್ತದೆ. ಶುದ್ಧ ನೀರು ಕರೆಂಟನ್ನು ಅಷ್ಟಾಗಿ ಹರಿಸದು, ಲವಣ ಕರಗಿದ ನೀರು ಹರಿಸುತ್ತದೆ. ನೀರು ಆರಿದರೂ ಉಪ್ಪು ಅಲ್ಲೇ ಉಳಿದು, ಮತ್ತೆ ಆವಿ ತಗುಲಿದಾಗ ಪುನಃ ಒದ್ದೆಯಾಗುತ್ತದೆ. ಬೆಳಿಗ್ಗೆ ಅಡುಗೆಯ ಹೊತ್ತಿಗೆ ಕೆಟ್ಟು ಮಧ್ಯಾಹ್ನ ತಾನೇ ಸರಿಹೋಗುವ ಕೀಪ್ಯಾಡಿನ ಗುಟ್ಟು ಬಹಳ ಸಲ ಇದೇ. ‘ಸ್ಟಾರ್ಟ್’ ಗುಂಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಅದರ ಅಂಚಿನಲ್ಲಿ ಉಗುರುಗೆರೆಯಂಥ ಸೀಳು ಕಾಣುವುದುಂಟು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಆ ಗುಂಡಿ, ಮೊದಲು ಬಿರಿಯುವುದೂ ಅದೇ. ನೀರನ್ನು ಬಟ್ಟೆಗೆ ಹಾಕಿ, ಚೆನ್ನಾಗಿ ಹಿಂಡಿ ಒರೆಸಬೇಕು. ಕೀಪ್ಯಾಡಿನ ಮೇಲೆ ನೇರವಾಗಿ ಚಿಮುಕಿಸಬಾರದು.

ಇದಕ್ಕೆ ಈ ಭಾಗದಲ್ಲಿ ಸಾಮಾನ್ಯವಾಗಿ ಬರುವ ಆಕ್ಷೇಪಣೆ: ‘ಇದೆಲ್ಲ ನೀರಿನ ಮಾತಲ್ಲ, ವೋಲ್ಟೇಜಿನ ಮಾತು.’ ಮಾತಿನಲ್ಲಿ ಹುರುಳಿದೆ. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ಬಂದಿತ್ತು. ಆದರೆ ಲೈನಿನ ಕೊನೆಯ ಮನೆಗೆ 230 ವೋಲ್ಟ್ ಸಿಗುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಟ್ರಾನ್ಸ್‌ಫಾರ್ಮರ್ ಎಷ್ಟು ದೂರದಲ್ಲಿದೆ, ಅದರ ಮೇಲೆ ಎಷ್ಟು ಹೊರೆಯಿದೆ ಎಂಬುದೇ. ಆದರೂ ಕೀಪ್ಯಾಡಿನ ವಿಷಯದಲ್ಲಿ ಲಕ್ಷಣಗಳು ಈ ವಾದವನ್ನು ಪೂರ್ತಿ ಒಪ್ಪುವುದಿಲ್ಲ. ಕೀಪ್ಯಾಡು ನೇರವಾಗಿ ಮೇನ್ಸ್ ಕರೆಂಟಿನಲ್ಲಿ ನಡೆಯುವುದಲ್ಲ. ಬೋರ್ಡು ಇಳಿಸಿ ಹದಗೊಳಿಸಿದ ಕೆಲವೇ ವೋಲ್ಟುಗಳಲ್ಲಿ ನಡೆಯುವುದು. ವೋಲ್ಟೇಜ್ ಕುಸಿದರೆ ಬಿಸಿ ತಗ್ಗುತ್ತದೆ, ಗಡಿಯಾರ ಸೊನ್ನೆಗೆ ಹೋಗುತ್ತದೆ, ರಿಲೇ ಟಕಟಕ ಎನ್ನುತ್ತದೆ. ವೋಲ್ಟೇಜ್ ಒಮ್ಮೆಲೇ ಏರಿದರೆ ಪರದೆಯೇ ಕತ್ತಲಾಗಬಹುದು, ಎಲ್ಲ ಗುಂಡಿಗಳೂ ಒಟ್ಟಿಗೆ ಸಾಯಬಹುದು. 1, 4, 7 ಮಾತ್ರ ಸತ್ತು 2, 5, 8 ಬದುಕಿದ್ದರೆ ಆಪಾದನೆ ಮೊದಲು ಗೆರೆ ಮತ್ತು ರಿಬ್ಬನ್ ಮೇಲೆ ಬೀಳಬೇಕು, ಲೈನಿನ ಮೇಲಲ್ಲ. ಗಾಜಿನ ಮೇಲೆ ಬೆರಳು ತಾಕಿಸಿದರೆ ಸಾಕಾಗುವ ಟಚ್ ಪ್ಯಾನೆಲ್‌ಗಳು ಮಾತ್ರ ಇದಕ್ಕೆ ಹೊರತು. ಅಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಗುಂಡಿ ತಾನಾಗಿ ಬೀಳಬಹುದು. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥ್ ಗುಂಡಿಯ ತಡೆ ಏರುತ್ತದೆ. ಅದರಲ್ಲಿ ಉಪ್ಪು, ಇದ್ದಿಲು ತುಂಬಿ ಆಗಾಗ ನೀರು ಹಾಕುವ ಹಳೆಯ ರೂಢಿ ಅದಕ್ಕೇ.

ಪರೀಕ್ಷೆ ಶುರುವಾಗಬೇಕಾದದ್ದು ಬಿಚ್ಚದೆಯೇ. ಚೈಲ್ಡ್ ಲಾಕ್ ಬಿದ್ದಿದ್ದರೆ ಓವನ್ ಗುಂಡಿಗಳಿಗೆ ಜಗ್ಗುವುದಿಲ್ಲ. ಹಲವು ಮಾದರಿಗಳಲ್ಲಿ ‘ಸ್ಟಾಪ್’ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಅದು ಬಿಡುತ್ತದೆ. ಸಂಖ್ಯೆಗಳೆಲ್ಲ ಬಿದ್ದು, ‘ಸ್ಟಾರ್ಟ್’ ಒತ್ತಿದಾಗ ಬೀಪ್ ಕೇಳಿಸಿಯೂ ಓವನ್ ಹೊರಡದಿದ್ದರೆ ಕೀಪ್ಯಾಡು ತನ್ನ ಕೆಲಸ ಮಾಡಿದೆ. ಆಗ ನೋಡಬೇಕಾದದ್ದು ಬಾಗಿಲ ಸ್ವಿಚ್ಚು. ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದಾಗ ಸರಿಹೋದರೆ ಚಿಪ್ಪು ತೊಡಕಿಕೊಂಡಿತ್ತು ಅಷ್ಟೆ. ಇಷ್ಟಕ್ಕೂ ಬಗ್ಗದಿದ್ದರೆ ಮಲ್ಟಿಮೀಟರ್ ಹಿಡಿಯಬೇಕು, ಮತ್ತು ಇಲ್ಲಿಂದಾಚೆ ಕೆಲಸ ಬಲ್ಲವರದು. ರಿಬ್ಬನ್ನನ್ನು ಬೋರ್ಡಿನಿಂದ ಬಿಡಿಸಿ, ಯಾವ ಎರಡು ಎಳೆಗಳ ನಡುವೆ ಯಾವ ಗುಂಡಿ ಇದೆ ಎಂದು ಹುಡುಕಿ ಒತ್ತಿ ನೋಡುತ್ತಾರೆ. ಒತ್ತಿದಾಗ ತಡೆ ಹತ್ತಾರು, ಹೆಚ್ಚೆಂದರೆ ಕೆಲವು ನೂರು ಓಮ್‌ಗೆ ಇಳಿದು, ಬಿಟ್ಟಾಗ ಮೀಟರು ಪೂರ್ತಿ ತೆರೆದ ದಾರಿ ತೋರಿಸಿದರೆ ಆ ಗುಂಡಿ ಗಟ್ಟಿ. ಎಲ್ಲ ಗುಂಡಿಗಳೂ ಹೀಗೆ ಪಾಸಾದರೆ ಮಾತ್ರ ‘ಬೋರ್ಡ್ ಹೋಗಿದೆ’ ಎನ್ನಲು ಆಧಾರ ಸಿಕ್ಕಂತೆ. ರಿಬ್ಬನ್ನಿನ ತುದಿ ಕಪ್ಪಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ತೊಯ್ದ ಹತ್ತಿಯಿಂದ ಹಗುರವಾಗಿ ಒರೆಸಿ ಮತ್ತೆ ಕೂರಿಸಿದರೂ ಸಾಕಾಗಬಹುದು. ರಬ್ಬರಿನಿಂದ ಉಜ್ಜಿದರೆ ಶಾಯಿಯ ಗೆರೆಯೇ ಎದ್ದುಹೋಗುತ್ತದೆ.

ಮೀಟರ್ ಹಿಡಿದು ಕೂರುವಷ್ಟು ಹೊತ್ತಿಗೆ ಹೊಸ ಬೋರ್ಡನ್ನೇ ಹಾಕಿಬಿಡಬಹುದಲ್ಲ ಎಂದು ಮೆಕ್ಯಾನಿಕ್ ಕೇಳುವುದು ಸಹಜ. ಬೋರ್ಡು ಅಂಗಡಿಯಲ್ಲೇ ಇದ್ದರೆ ಹೌದು. ದೂರದಿಂದ ತರಿಸಬೇಕಾದ ಊರಿನಲ್ಲಿ ತಪ್ಪು ಭಾಗ ಬಂದರೆ ಇನ್ನೊಂದು ವಾರ ಹೋಯಿತು, ಹಣ ಎರಡು ಸಲ ಹೋಯಿತು. ಕೀಪ್ಯಾಡನ್ನು ಬಿಡಿಯಾಗಿ ಕೊಡದೆ ಇಡೀ ಮುಂಭಾಗವನ್ನೇ ಮಾರುವುದು ನಿಜವಾದ ತೊಡಕು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆದ ರಿಪೇರಿ ಹಕ್ಕಿನ ಪೋರ್ಟಲ್ ಹುಟ್ಟಿದ್ದೇ ಇಂಥ ದೂರುಗಳಿಂದ. ಅಪಾಯದ ಆಕ್ಷೇಪಣೆ ಮೆಕ್ಯಾನಿಕ್‌ನ ಪ್ರಶ್ನೆಗಿಂತ ತೂಕದ್ದು, ಅದನ್ನು ಪೂರ್ತಿ ಒಪ್ಪಲೇಬೇಕು. ಮೈಕ್ರೋವೇವ್ ಒಳಗಿನ ಕೆಪಾಸಿಟರ್ 2,000 ವೋಲ್ಟಿಗೂ ಮೇಲೆ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಹುದು, ಮುಟ್ಟಿದರೆ ಜೀವ ತೆಗೆಯಬಹುದು. ಮನೆಯವರು ಮೈಕ್ರೋವೇವಿನ ಕವಚ ಬಿಚ್ಚಲೇಬಾರದು. ಅವರು ಮಾಡಬೇಕಾದದ್ದು ಗುಂಡಿಗಳ ಚೀಟಿ ಬರೆದು ಮೆಕ್ಯಾನಿಕ್ ಕೈಗೆ ಕೊಡುವುದು. ಹೊಸ ಕೀಪ್ಯಾಡ್ ಅಂಟಿಸುವವರು ಹಳೆಯ ಅಂಟನ್ನು ಪೂರ್ತಿ ಒರೆಸಿ, ರಿಬ್ಬನ್ನನ್ನು ಚೂಪಾಗಿ ಮಡಿಸದೆ ಸೀಳಿನಲ್ಲಿ ತೂರಿಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಬೇಕು. ಕವಚ ಮುಚ್ಚಿ ಪ್ಲಗ್ ಹಾಕಿದ ಮೇಲೆ ಅದೇ ಚೀಟಿ ಇಟ್ಟುಕೊಂಡು, ಮೊದಲು ಸತ್ತಿದ್ದ ಗುಂಡಿಗಳನ್ನು ಒಂದೊಂದಾಗಿ ಒತ್ತಿ ಪರದೆಯ ಮೇಲೆ ಸರಿಯಾದ ಅಂಕಿಯೇ ಬೀಳುತ್ತದೆಯೇ ಎಂದು ನೋಡಬೇಕು.