ಜಮಾಲಾಬಾದಿನ ಕೋಟೆ

ಬಂಟವಾಳವು ನೇತ್ರಾವತಿಯ ದಡದ ಹಳೆಯ ಪೇಟೆ. ಘಟ್ಟದ ಮೇಲಿನಿಂದ ಹೇರೆತ್ತುಗಳ ಬೆನ್ನೇರಿ ಬಂದ ಸರಕು ಹಿಂದಿನ ಕಾಲದಲ್ಲಿ ಇಲ್ಲಿ ದೋಣಿಗೆ ಬಿದ್ದು ಮಂಗಳೂರಿಗೆ ಸಾಗುತ್ತಿದ್ದಿತು. ಕಡಲ ಕಡೆಯ ಉಪ್ಪು ಅದೇ ದೋಣಿಗಳಲ್ಲಿ ಮೇಲಕ್ಕೆ ಬರುತ್ತಿದ್ದಿತು. ಅಲ್ಲಿಂದ ಬೆಳ್ತಂಗಡಿಯ ಹಾದಿ ಹಿಡಿದರೆ, ಘಟ್ಟದ ಸಾಲಿನಿಂದ ಮುಂದಕ್ಕೆ ಸರಿದು ನಿಂತಿರುವ ಒಂದೇ ಬಂಡೆಯು ಬಹು ದೂರದಿಂದಲೇ ಕಣ್ಣಿಗೆ ಬೀಳುವುದು. ಎತ್ತರ ಸುಮಾರು 1,700 ಅಡಿ. ಚರಿತ್ರೆಯ ಪುಸ್ತಕಗಳು ಇದನ್ನು ಜಮಾಲಾಬಾದ್ ಎನ್ನುವುವು. ನಮಗೆ ದಾರಿ ತೋರಿದ ಹುಡುಗನಿಗೆ ಆ ಹೆಸರು ರುಚಿಸಲಿಲ್ಲ. “ಗಡಾಯಿಕಲ್ಲು ಅನ್ನಿ ಸ್ವಾಮೀ” ಎಂದು ನಮ್ಮನ್ನೇ ತಿದ್ದಿದನು. ನರಸಿಂಹಗಡವೆಂಬುದು ಇದಕ್ಕೂ ಹಿಂದಿನ ಹೆಸರು.

ಈ ಬಂಡೆಯ ಮೇಲೆ ಟೀಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ, ತನ್ನ ತಾಯಿಯ ಹೆಸರನ್ನು ಅದಕ್ಕಿಟ್ಟನೆಂದು ಹೇಳುವರು. ಕಡಲ ತೀರದಿಂದ ಇಷ್ಟು ಒಳಗೆ, ಇಂಥ ಕಡಿದಾದ ತಾಣವನ್ನು ಅವನು ಏಕೆ ಆರಿಸಿದನು? ಉತ್ತರಕ್ಕಾಗಿ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1783ರ ಮೇ ತಿಂಗಳಲ್ಲಿ ಅವನು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದ ದಂಡಿಗೆ ಕ್ಯಾಂಬೆಲ್ ಎಂಬ ಸ್ಕಾಟ್ಲೆಂಡಿನ ಪಡೆಯ ಅಧಿಕಾರಿಯು ನಾಯಕ. ಫಿರಂಗಿಗಳಿಗೆ ಬಗ್ಗದ ಆ ದಂಡು ಹಸಿವಿಗೂ ರೋಗಕ್ಕೂ ಬಗ್ಗಿ, 1784ರ ಜನವರಿಯ ಕೊನೆಯಲ್ಲಿ ಕೋಟೆಯನ್ನು ಒಪ್ಪಿಸಿತು. ಮಾರ್ಚಿಯಲ್ಲಿ ಮಂಗಳೂರಿನ ಕೌಲು ನಡೆಯಿತು. ಬಳಿಕ ಸುಲ್ತಾನನು ಆ ಕೋಟೆಯನ್ನು ಕೆಡವಿಸಿಬಿಟ್ಟನು. ಹಡಗುಗಳ ಬಲವುಳ್ಳ ಶತ್ರುವಿಗೆ ಕಡಲಂಚಿನ ಕೋಟೆಯೇ ಕೈಗೂಸಾಗುವುದೆಂದು ಅವನು ಎಣಿಸಿದ್ದಿರಬೇಕೆಂಬುದು ನಮ್ಮ ಊಹೆ. ಹಡಗು ಮುಟ್ಟಲಾರದ ಈ ಬಂಡೆಯನ್ನು ನೋಡಿದಾಗ ಆ ಊಹೆ ನಮ್ಮಲ್ಲಿ ಬಲವಾಯಿತು.

ಈ ಸ್ಥಳವು ಈಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗಿದೆ. ಅರಣ್ಯ ಇಲಾಖೆಯವರಿಗೆ ಹಣ ತೆತ್ತು, ಬಿಸಿಲೇರುವ ಮುನ್ನವೇ ನಾವು ಹತ್ತತೊಡಗಿದೆವು. ಮೊದಲು ಕಾಡಿನ ದಾರಿ. ಆಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು. ಒಟ್ಟು 1,800ಕ್ಕೂ ಮಿಕ್ಕಿವೆ ಎನ್ನುವರು. ಎಣಿಸುತ್ತ ಹೊರಟ ನಾವು ನಾಲ್ಕುನೂರರ ಹತ್ತಿರ ಲೆಕ್ಕ ತಪ್ಪಿದೆವು. ಮತ್ತೆ ಎಣಿಸುವ ಉತ್ಸಾಹ ಮೊಣಕಾಲುಗಳಿಗೆ ಇರಲಿಲ್ಲ. ಮೇಲೆ ಬಿರಿದ ಗೋಡೆಗಳು, ಬಾಗಿಲುವಾಡಗಳು, ನೀರಿನ ಕೊಳ, ಮುರಿದ ತೋಪು. ನೋಡುವುದಕ್ಕೆ ಇಷ್ಟೇ. ಆದರೆ ಗೋಡೆಯಂಚಿನಿಂದ ಕೆಳಗೆ ಇಣುಕಿದವನಿಗೆ ಈ ಕೋಟೆಯ ಬಲವೂ ದೌರ್ಬಲ್ಯವೂ ಒಟ್ಟಿಗೆ ತಿಳಿದುಬಿಡುವುವು. ಹತ್ತಲು ಇರುವುದು ಒಂದೇ ಇಕ್ಕಟ್ಟಾದ ದಾರಿ. ಇಳಿಯಲೂ ಅದೇ. ಆ ದಾರಿಯ ಬುಡದಲ್ಲಿ ಒಂದೆರಡು ತೋಪುಗಳೊಡನೆ ಸಣ್ಣ ತುಕಡಿಯೊಂದು ಕುಳಿತರೆ ಸಾಕು, ಮೇಲಿನ ದಂಡು ಎಷ್ಟೇ ದೊಡ್ಡದಾದರೂ ಹೊರಬರಲಾರದು.

ನಡೆದುದೂ ಹಾಗೆಯೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೂ ಇಲ್ಲಿಯ ಕಾವಲಿನವರು ಕೆಲಕಾಲ ಒಡ್ಡಿ ನಿಂತು, ಕೊನೆಗೆ ಇಂಗ್ಲಿಷರಿಗೆ ಕೋಟೆಯನ್ನು ಬಿಟ್ಟರು. ಸ್ವಲ್ಪ ದಿನಗಳಲ್ಲೇ ತಿಮ್ಮ ನಾಯಕನು ಹಠಾತ್ತನೆ ಏರಿಬಂದು ಅದನ್ನು ಕಿತ್ತುಕೊಂಡನು. ಸ್ಕಾಟ್ಲೆಂಡಿನವನೇ ಆದ ತಾಮಸ್ ಮನ್ರೋ ಸಾಹೇಬನು ಕನ್ನಡ ಜಿಲ್ಲೆಯ ಮೊದಲನೆಯ ಕಲೆಕ್ಟರಾಗಿದ್ದ ದಿನಗಳವು. ವಿಟ್ಲದ ಹೆಗ್ಗಡೆಯೂ ಆಗ ಬಂಡೆದ್ದಿದ್ದನು. 1800ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಜಮಾಲಾಬಾದು ಮರಳಿ ಇಂಗ್ಲಿಷರ ವಶವಾದುದು ಸುಮಾರು ಮೂರು ತಿಂಗಳ ಕಾಲ ದಾರಿಗಟ್ಟಿ ಕುಳಿತ ಮೇಲೆಯೇ. ಮಂಗಳೂರಿನಲ್ಲಿ ಸುಲ್ತಾನನು ಕ್ಯಾಂಬೆಲನ ಮೇಲೆ ಪ್ರಯೋಗಿಸಿದ ಉಪಾಯ, ಅವನು ಸತ್ತ ಮರುವರ್ಷ, ಅವನದೇ ಬಂಡೆಯ ಬುಡದಲ್ಲಿ ಫಲಿಸಿತು.

ಅಪರಾಧಿಗಳನ್ನು ಈ ತುದಿಯಿಂದ ತಳ್ಳುತ್ತಿದ್ದರೆಂದು ಜನ ಹೇಳುವರು. ಹುಡುಗನು ಆ ಜಾಗವನ್ನೂ ಬೆರಳು ಮಾಡಿ ತೋರಿಸಿದನು. ನಾವು ಹತ್ತಿರ ಹೋಗಲಿಲ್ಲ.

ಮಧ್ಯಾಹ್ನ ಇಳಿದು ಮೂಡಬಿದಿರೆಯ ಕಡೆ ಹೊರಟೆವು. 1801ರಲ್ಲಿ ಬುಕಾನನ್ ಎಂಬ ಸ್ಕಾಟಿಷ್ ವೈದ್ಯನು ಕುಂಪಣಿಯ ಆಜ್ಞೆಯಂತೆ ದೇಶದ ಸ್ಥಿತಿಗತಿಗಳನ್ನು ಬರೆದುಕೊಳ್ಳುತ್ತ ಸಂಚರಿಸಿದ ಸೀಮೆಯಿದು. ಹಾದಿಯಲ್ಲಿ ವೇಣೂರು, 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟನು ಫಲ್ಗುಣಿಯ ದಡದಲ್ಲಿ ಬಯಲಿನಲ್ಲೇ ನಿಂತಿದ್ದಾನೆ. ಮೂಡಬಿದಿರೆಗೆ ಸೇರುವ ಹೊತ್ತಿಗೆ ಸಾವಿರ ಕಂಬದ ಬಸದಿಯಲ್ಲಿ ದೀಪ ಹಚ್ಚುತ್ತಿದ್ದರು.