ಬೆಂಗಳೂರಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ಮತ್ತು ನೋಂದಣಿ

'''ಬೆಂಗಳೂರಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ಮತ್ತು ನೋಂದಣಿ''' ಎಂಬುದು ಉನ್ನತ ವ್ಯಾಸಂಗಕ್ಕಾಗಿ ನಗರಕ್ಕೆ ಬರುವ ಪರದೇಶದ ಪ್ರಜೆಗಳು ಭಾರತ ಸರ್ಕಾರದ ಕಾನೂನಿನಂತೆ ಪೂರೈಸಬೇಕಾದ ಪ್ರವೇಶಾನುಮತಿ, ವಾಸ್ತವ್ಯ ಮತ್ತು ನಿರ್ಗಮನದ ವಿಧಿಗಳನ್ನು ಒಳಗೊಂಡಿದೆ. ಈ ವಿಧಿಗಳು ಇಡೀ ದೇಶಕ್ಕೆ ಸಮಾನವಾಗಿವೆ. ಬೆಂಗಳೂರಿನಲ್ಲಿ ಇವುಗಳನ್ನು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯು ನಿರ್ವಹಿಸುತ್ತದೆ. ನಗರದ ವಾಯವ್ಯ ಭಾಗದ ಚಿಕ್ಕಬಾಣಾವರ, ಸೋಲದೇವನಹಳ್ಳಿ ಮತ್ತು ಹೆಸರಘಟ್ಟ ರಸ್ತೆಯ ಆಸುಪಾಸು ವಿದೇಶಿ ವಿದ್ಯಾರ್ಥಿಗಳು ಹೆಚ್ಚಾಗಿ ನೆಲೆಸಿರುವ ಪ್ರದೇಶಗಳಲ್ಲಿ ಒಂದಾಗಿದೆ.

== ಹಿನ್ನೆಲೆ ==

ಚಿಕ್ಕಬಾಣಾವರವು ಬೆಂಗಳೂರು ಉತ್ತರ ಭಾಗದ ಒಂದು ಹಳೆಯ ಊರು. ಇಲ್ಲಿನ ರೈಲು ನಿಲ್ದಾಣದಲ್ಲಿ ತುಮಕೂರು ಮಾರ್ಗ ಮತ್ತು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ಹೋಗುವ ಮಾರ್ಗಗಳು ಕವಲೊಡೆಯುತ್ತವೆ. ಊರಿನ ಸುತ್ತ ಖಾಸಗಿ ಶಿಕ್ಷಣ ಸಂಸ್ಥೆಗಳು ನೆಲೆಗೊಂಡ ನಂತರ ಇಲ್ಲಿನ ಸ್ವರೂಪ ಬದಲಾಯಿತು. ಸೋಲದೇವನಹಳ್ಳಿಯ ಆಚಾರ್ಯ ಶಿಕ್ಷಣ ಸಂಸ್ಥೆಗಳು, ಚಿಕ್ಕಬಾಣಾವರದ ಆರ್.ಆರ್. ತಾಂತ್ರಿಕ ಸಂಸ್ಥೆ ಹಾಗೂ ಹೆಸರಘಟ್ಟ ಮುಖ್ಯರಸ್ತೆಯ ಸಪ್ತಗಿರಿ ಸಂಸ್ಥೆಗಳು ಇವುಗಳಲ್ಲಿ ಸೇರಿವೆ. ತಾಂತ್ರಿಕ ಶಿಕ್ಷಣ, ಔಷಧ ವಿಜ್ಞಾನ, ಶುಶ್ರೂಷೆ, ವಾಣಿಜ್ಯ ಮತ್ತು ನಿರ್ವಹಣಾ ವಿಷಯಗಳ ವ್ಯಾಸಂಗಕ್ಕೆ ಆಫ್ರಿಕಾ, ಪಶ್ಚಿಮ ಏಷ್ಯಾ ಹಾಗೂ ನೆರೆಯ ರಾಷ್ಟ್ರಗಳ ವಿದ್ಯಾರ್ಥಿಗಳು ನಗರಕ್ಕೆ ಬರುತ್ತಾರೆ. ಕಾಲೇಜು ವಸತಿನಿಲಯಗಳಲ್ಲಿ ಎಲ್ಲರಿಗೂ ಸ್ಥಳವಿರುವುದಿಲ್ಲವಾದ್ದರಿಂದ ಹಲವರು ಸುತ್ತಲಿನ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಹಾಗೂ ಪಿ.ಜಿ.ಗಳಲ್ಲಿ ವಾಸಿಸುತ್ತಾರೆ. ಇದರಿಂದಾಗಿ ವಿದೇಶಿಯರ ನೋಂದಣಿಯು ವಿದ್ಯಾರ್ಥಿ ಮತ್ತು ಕಚೇರಿಯ ನಡುವಿನ ವ್ಯವಹಾರವಾಗಿ ಉಳಿಯದೆ, ಮನೆಯ ಮಾಲೀಕರನ್ನೂ ಕಾಲೇಜನ್ನೂ ಒಳಗೊಳ್ಳುತ್ತದೆ.

== ಕಾನೂನು ==

ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ರೂಪುಗೊಂಡ ಮೂರು ಕಾಯ್ದೆಗಳು ಸ್ವಾತಂತ್ರ್ಯಾನಂತರವೂ ಬಹುಕಾಲ ಜಾರಿಯಲ್ಲಿದ್ದವು:

* ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯ್ದೆ, 1920
* ವಿದೇಶಿಯರ ನೋಂದಣಿ ಕಾಯ್ದೆ, 1939
* ವಿದೇಶಿಯರ ಕಾಯ್ದೆ, 1946

ಇವುಗಳ ಜೊತೆಗೆ, ಸರಿಯಾದ ದಾಖಲೆಗಳಿಲ್ಲದ ಪ್ರಯಾಣಿಕರನ್ನು ಕರೆತರುವ ವಿಮಾನ ಮತ್ತು ಹಡಗು ಸಂಸ್ಥೆಗಳ ಹೊಣೆಯನ್ನು ನಿಗದಿಪಡಿಸುವ ಕಾಯ್ದೆಯೊಂದು 2000ದಲ್ಲಿ ಬಂದಿತು. ಈ ನಾಲ್ಕನ್ನೂ ರದ್ದುಪಡಿಸಿ ಒಂದೇ ಕಾನೂನಿನಡಿ ತರುವ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025ಕ್ಕೆ ಆ ವರ್ಷದ ಏಪ್ರಿಲ್ 4ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕಾಯ್ದೆಯು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ವಸತಿ ಒದಗಿಸುವವರು, ಶಿಕ್ಷಣ ಸಂಸ್ಥೆಗಳು ಮತ್ತು ಆಸ್ಪತ್ರೆಗಳು ವಿದೇಶಿಯರ ಕುರಿತು ನೋಂದಣಿ ಅಧಿಕಾರಿಗೆ ಮಾಹಿತಿ ನೀಡಬೇಕೆಂಬುದನ್ನು ಈ ಕಾಯ್ದೆಯೇ ವಿಧಿಸುತ್ತದೆ.

ಭಾರತ ಸಂವಿಧಾನದ 14 ಮತ್ತು 21ನೇ ವಿಧಿಗಳು ನೀಡುವ ಸಮಾನತೆ ಹಾಗೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆ ವಿದೇಶಿಯರಿಗೂ ಅನ್ವಯಿಸುತ್ತದೆ. 19ನೇ ವಿಧಿಯ ಹಕ್ಕುಗಳು ನಾಗರಿಕರಿಗೆ ಮಾತ್ರ ಮೀಸಲಾಗಿರುವುದರಿಂದ ದೇಶದಲ್ಲಿ ನೆಲೆಸುವ ಹಕ್ಕನ್ನು ವಿದೇಶಿಯರು ಅದರಡಿ ಕೇಳಲಾಗದು. ವಿದೇಶಿಯರನ್ನು ಹೊರಗೆ ಕಳುಹಿಸುವ ಸರ್ಕಾರದ ಅಧಿಕಾರವನ್ನು ಸರ್ವೋಚ್ಚ ನ್ಯಾಯಾಲಯವು 1955ರ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ದೇಶದಲ್ಲಿರುವ ಪ್ರತಿಯೊಬ್ಬ ವ್ಯಕ್ತಿಯ ಜೀವವನ್ನು ರಕ್ಷಿಸುವುದು ರಾಜ್ಯದ ಕರ್ತವ್ಯವೆಂದು ಅದೇ ನ್ಯಾಯಾಲಯವು 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ ಹೇಳಿದೆ.

== ವಿದ್ಯಾರ್ಥಿ ವೀಸಾ ==

ವೀಸಾವನ್ನು ಅಭ್ಯರ್ಥಿಯು ತನ್ನ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಮೂಲಕ ಪಡೆಯಬೇಕು. ಇದಕ್ಕೆ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯ ಪ್ರವೇಶಪತ್ರ, ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ವ್ಯಾಸಂಗದ ವೆಚ್ಚ ಭರಿಸುವ ಆರ್ಥಿಕ ಸಾಮರ್ಥ್ಯದ ಪುರಾವೆ ಅಗತ್ಯ. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯ ವಿದ್ಯಾರ್ಥಿವೇತನ ಪಡೆದವರಿಗೆ ಮಂಡಳಿಯ ಪತ್ರವೇ ಆರ್ಥಿಕ ಪುರಾವೆಯಾಗಿ ಒದಗುತ್ತದೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿಯೂ ಇದೆ. ಕೇಂದ್ರ ಸರ್ಕಾರವು 2018ರಲ್ಲಿ ಆರಂಭಿಸಿದ 'ಸ್ಟಡಿ ಇನ್ ಇಂಡಿಯಾ' ಕಾರ್ಯಕ್ರಮದ ಮೂಲಕ ಪ್ರವೇಶ ಪಡೆಯುವವರಿಗಾಗಿ 2025ರಲ್ಲಿ ಇ-ವಿದ್ಯಾರ್ಥಿ ವೀಸಾ ಎಂಬ ವಿಧಾನವನ್ನೂ ಪ್ರಕಟಿಸಲಾಯಿತು.

ವಿದ್ಯಾರ್ಥಿ ವೀಸಾವನ್ನು ಸಾಮಾನ್ಯವಾಗಿ ವ್ಯಾಸಂಗದ ಅವಧಿಗೆ ಅಥವಾ ಗರಿಷ್ಠ 5 ವರ್ಷಗಳಿಗೆ ನೀಡಲಾಗುತ್ತದೆ. ವೀಸಾದಲ್ಲಿ ನಮೂದಾದ ಸಂಸ್ಥೆಯಲ್ಲಿಯೇ ವ್ಯಾಸಂಗ ನಡೆಸಬೇಕು. ಕಾಲೇಜು ಬದಲಾಯಿಸುವುದಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಈ ವೀಸಾದ ಮೇಲೆ ಉದ್ಯೋಗ ಮಾಡುವಂತಿಲ್ಲ. ನೇಪಾಳ ಮತ್ತು ಭೂತಾನ್ ಪ್ರಜೆಗಳು ತಮ್ಮ ದೇಶದಿಂದ ನೇರವಾಗಿ ಬರುವಾಗ ವೀಸಾದ ಅಗತ್ಯವಿಲ್ಲ.

ಹಳದಿ ಜ್ವರವಿರುವ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರು ಲಸಿಕೆ ಪಡೆದ ಅಂತರರಾಷ್ಟ್ರೀಯ ಪ್ರಮಾಣಪತ್ರವನ್ನು ವಿಮಾನ ನಿಲ್ದಾಣದಲ್ಲಿ ತೋರಿಸಬೇಕು. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರವು ಊರ್ಜಿತವಾಗುತ್ತದೆ. ಪ್ರಮಾಣಪತ್ರವಿಲ್ಲದವರನ್ನು 6 ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸುವ ಅವಕಾಶವಿದೆ. ಹೀಗಾಗಿ ವೀಸಾ ಕೈಸೇರಿದ ಕೂಡಲೇ ಹೊರಡುವ ವಿದ್ಯಾರ್ಥಿಗಳು ಲಸಿಕೆಯ ದಿನಾಂಕವನ್ನು ಗಮನಿಸಬೇಕಾಗುತ್ತದೆ.

== ನೋಂದಣಿ ==

=== ಕಾಲಮಿತಿ ===

180 ದಿನಗಳಿಗಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾ ಹೊಂದಿರುವವರು ಭಾರತಕ್ಕೆ ಬಂದಿಳಿದ 14 ದಿನಗಳೊಳಗೆ ನೋಂದಣಿ ಮಾಡಿಸಿಕೊಳ್ಳಬೇಕು. ಕಾಲೇಜು ಆರಂಭವಾದ ದಿನದಿಂದ ಅಲ್ಲ, ದೇಶ ಪ್ರವೇಶಿಸಿದ ದಿನದಿಂದ ಈ ಎಣಿಕೆ ಆರಂಭವಾಗುತ್ತದೆ. ಪಾಕಿಸ್ತಾನದ ಪ್ರಜೆಗಳಿಗೆ ಈ ಅವಧಿ 24 ಗಂಟೆಗಳು ಮಾತ್ರ. ಸಾಗರೋತ್ತರ ಭಾರತೀಯ ಪ್ರಜೆ ಕಾರ್ಡ್, ಅಂದರೆ ಒ.ಸಿ.ಐ. ಕಾರ್ಡ್ ಹೊಂದಿರುವವರಿಗೆ ಈ ನೋಂದಣಿಯಿಂದ ವಿನಾಯಿತಿ ಇದೆ. ರಜೆಯಲ್ಲಿ ತವರಿಗೆ ಹೋಗಿ ಅದೇ ವೀಸಾದ ಮೇಲೆ ಮರಳುವವರು ಮತ್ತೆ ನೋಂದಾಯಿಸುವ ಅಗತ್ಯವಿಲ್ಲ. ಹೊಸ ವೀಸಾ ಪಡೆದು ಬಂದರೆ ನೋಂದಣಿಯೂ ಹೊಸದಾಗಿ ಆಗಬೇಕು.

=== ಕಚೇರಿ ಮತ್ತು ವಿಧಾನ ===

ನೋಂದಣಿ ಕಚೇರಿಗಳು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿವೆ. ಬೆಂಗಳೂರಿನ ಕಚೇರಿಯು ವಲಸೆ ಬ್ಯೂರೊಗೆ ಸೇರಿದೆ. ಬ್ಯೂರೊ 1971ರಲ್ಲಿ ಸ್ಥಾಪನೆಯಾಯಿತು. ಪ್ರತ್ಯೇಕ ಪ್ರಾದೇಶಿಕ ಕಚೇರಿಯಿಲ್ಲದ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ನೋಂದಣಿ ಅಧಿಕಾರಿಯಾಗಿರುತ್ತಾರೆ. ಬೆಂಗಳೂರಿನ ಕಚೇರಿ ಶಾಂತಿನಗರದ ಬಿ.ಎಂ.ಟಿ.ಸಿ. ಬಸ್ ನಿಲ್ದಾಣದ ಕಟ್ಟಡದಲ್ಲಿ ಕಾರ್ಯನಿರ್ವಹಿಸಿತು. ಚಿಕ್ಕಬಾಣಾವರದ ಕಡೆಯ ವಿದ್ಯಾರ್ಥಿಗಳು ನೋಂದಣಿಗಾಗಿ ನಗರವನ್ನು ದಾಟಿ ಅಲ್ಲಿಗೆ ಖುದ್ದಾಗಿ ಹೋಗಬೇಕಾಗಿತ್ತು.

2018ರಲ್ಲಿ ಇ-ಎಫ್.ಆರ್.ಆರ್.ಒ. ಎಂಬ ಆನ್‌ಲೈನ್ ವ್ಯವಸ್ಥೆ ಬಂದಿತು. ಆಗಿನ ಗೃಹ ಸಚಿವ ರಾಜನಾಥ್ ಸಿಂಗ್ ಅವರು ಏಪ್ರಿಲ್ 13ರಂದು ಇದನ್ನು ಉದ್ಘಾಟಿಸಿದರು. ಈ ಸೌಲಭ್ಯವನ್ನು ಮೊದಲಿಗೆ ಪಡೆದ ನಗರಗಳಲ್ಲಿ ಬೆಂಗಳೂರೂ ಒಂದು. ಅರ್ಜಿದಾರರು ಖಾತೆ ತೆರೆದು, ದಾಖಲೆಗಳನ್ನು ಸೇರಿಸಿ, ಶುಲ್ಕವಿದ್ದಲ್ಲಿ ಪಾವತಿಸಿದರೆ, ವಾಸ್ತವ್ಯ ಪರವಾನಗಿಯು ಇ-ಮೇಲ್ ಮೂಲಕ ತಲುಪುತ್ತದೆ. ಅಧಿಕಾರಿಗಳು ಕರೆದಾಗ ಮಾತ್ರ ಕಚೇರಿಗೆ ಹೋಗಬೇಕಾಗುತ್ತದೆ. ವೀಸಾ ವಿಸ್ತರಣೆ, ವಿಳಾಸ ಬದಲಾವಣೆ, ಸಂಸ್ಥೆಯ ಬದಲಾವಣೆ ಮತ್ತು ನಿರ್ಗಮನ ಪರವಾನಗಿಯ ಅರ್ಜಿಗಳೂ ಇದೇ ವ್ಯವಸ್ಥೆಯಲ್ಲಿ ಸಲ್ಲಿಕೆಯಾಗುತ್ತವೆ.

=== ದಾಖಲೆಗಳು ===

ವಿದ್ಯಾರ್ಥಿಯ ನೋಂದಣಿಗೆ ಸಾಮಾನ್ಯವಾಗಿ ಕೆಳಗಿನವು ಬೇಕಾಗುತ್ತವೆ:

* ಪಾಸ್‌ಪೋರ್ಟ್, ವೀಸಾ ಮತ್ತು ಆಗಮನ ಮುದ್ರೆಯಿರುವ ಪುಟಗಳ ಪ್ರತಿ
* ಭಾವಚಿತ್ರ
* ಕಾಲೇಜು ನೀಡಿದ ವ್ಯಾಸಂಗ ಪ್ರಮಾಣಪತ್ರ
* ವಿಳಾಸದ ಪುರಾವೆ: ವಸತಿನಿಲಯದ ಪತ್ರ, ಬಾಡಿಗೆ ಕರಾರು ಅಥವಾ ಸಿ-ನಮೂನೆಯ ಪ್ರತಿ

ಇವುಗಳಲ್ಲಿ ಹೆಚ್ಚು ತೊಡಕು ಉಂಟುಮಾಡುವುದು ವಿಳಾಸದ ಪುರಾವೆ. ಬೆಂಗಳೂರಿನಲ್ಲಿ ಬಾಡಿಗೆ ಕರಾರುಗಳನ್ನು ಸಾಮಾನ್ಯವಾಗಿ 11 ತಿಂಗಳಿಗೆ ಮಾಡಿಕೊಳ್ಳುವ ರೂಢಿ ಇದೆ. ಬರಹದ ಕರಾರಿಲ್ಲದೆ ಮುಂಗಡ ಹಣ ಪಡೆದು ಮನೆ ಕೊಡುವ ಪದ್ಧತಿಯೂ ಇದೆ. ಕರಾರು ಇಲ್ಲದೆ ವಿದ್ಯಾರ್ಥಿಗೆ ವಿಳಾಸದ ದಾಖಲೆ ಸಿಗುವುದಿಲ್ಲ. ನೋಂದಣಿಯಿಲ್ಲದ ವಿದೇಶಿಗೆ ಮನೆ ಕೊಡಲು ಮಾಲೀಕರು ಹಿಂಜರಿಯುತ್ತಾರೆ. 14 ದಿನಗಳ ಗಡುವು ಇರುವುದರಿಂದ ಹೊಸದಾಗಿ ಬಂದವರಿಗೆ ವಸತಿನಿಲಯದ ವಿಳಾಸವೇ ಸುಲಭದ ಮಾರ್ಗವಾಗಿದೆ. ಅನಂತರ ಮನೆ ಬದಲಾಯಿಸಿದರೆ ಅದನ್ನು ನೋಂದಣಿ ಕಚೇರಿಗೆ ತಿಳಿಸಬೇಕು.

== ಮನೆ ಮಾಲೀಕರು ಮತ್ತು ಕಾಲೇಜುಗಳ ಹೊಣೆ ==

ವಿದೇಶಿಯರಿಗೆ ತಂಗಲು ಸ್ಥಳ ಕೊಡುವವರು ಅವರು ಬಂದ 24 ಗಂಟೆಗಳೊಳಗೆ ನೋಂದಣಿ ಅಧಿಕಾರಿಗೆ ಮಾಹಿತಿ ಸಲ್ಲಿಸಬೇಕು. ಇದು ರೂಢಿಯಲ್ಲಿ 'ಸಿ-ನಮೂನೆ' ಎಂದು ಹೆಸರಾಗಿದೆ. ಹೋಟೆಲು ಮತ್ತು ಅತಿಥಿಗೃಹಗಳಿಗೆ ಮಾತ್ರವಲ್ಲದೆ ಪಿ.ಜಿ., ವಸತಿನಿಲಯ ಹಾಗೂ ಮನೆ ಬಾಡಿಗೆಗೆ ಕೊಡುವವರಿಗೂ ಇದು ಅನ್ವಯಿಸುತ್ತದೆ. ಮಾಹಿತಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಬಹುದು. ಪೊಲೀಸ್ ಠಾಣೆಗೆ ಬಾಯಿಮಾತಿನಲ್ಲಿ ತಿಳಿಸಿದರೆ ಈ ಹೊಣೆ ತೀರುವುದಿಲ್ಲ.

ಶಿಕ್ಷಣ ಸಂಸ್ಥೆಗಳು ತಮ್ಮಲ್ಲಿ ಪ್ರವೇಶ ಪಡೆದ ವಿದೇಶಿ ವಿದ್ಯಾರ್ಥಿಗಳ ವಿವರವನ್ನು 'ಎಸ್-ನಮೂನೆ'ಯಲ್ಲಿ ಸಲ್ಲಿಸುತ್ತ ಬಂದಿವೆ. ವಿದ್ಯಾರ್ಥಿಯು ವ್ಯಾಸಂಗ ತೊರೆದರೆ ಅಥವಾ ತರಗತಿಗೆ ಬಾರದಿದ್ದರೆ ಅದು ವೀಸಾ ಷರತ್ತಿನ ಮೇಲೆ ಪರಿಣಾಮ ಬೀರುತ್ತದೆ. ವೀಸಾ ವಿಸ್ತರಣೆಗೂ ಕಾಲೇಜಿನ ಪತ್ರ ಅಗತ್ಯ. ಆದ್ದರಿಂದ ಹಾಜರಾತಿ ಕೊರತೆ, ಅನುತ್ತೀರ್ಣ ವಿಷಯಗಳು ಅಥವಾ ಬಾಕಿ ಶುಲ್ಕದ ಕಾರಣದಿಂದ ಪತ್ರ ತಡವಾದರೆ ವಿದ್ಯಾರ್ಥಿಯ ವಾಸ್ತವ್ಯವೇ ಅಕ್ರಮವಾಗುವ ಸಾಧ್ಯತೆ ಇರುತ್ತದೆ.

== ಉಲ್ಲಂಘನೆ ಮತ್ತು ದಂಡನೆ ==

2025ರ ಕಾಯ್ದೆಯು ವಿಧಿಸುವ ಮುಖ್ಯ ಶಿಕ್ಷೆಗಳು ಹೀಗಿವೆ:

* ಸಿಂಧುವಾದ ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಪ್ರವೇಶ: 5 ವರ್ಷಗಳವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ
* ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಕೆ: 2ರಿಂದ 7 ವರ್ಷಗಳ ಸೆರೆವಾಸ ಹಾಗೂ 1 ಲಕ್ಷದಿಂದ 10 ಲಕ್ಷ ರೂಪಾಯಿಗಳವರೆಗೆ ದಂಡ
* ವೀಸಾ ಅವಧಿ ಮೀರಿ ನೆಲೆಸುವುದು ಅಥವಾ ಷರತ್ತು ಉಲ್ಲಂಘನೆ: 3 ವರ್ಷಗಳವರೆಗೆ ಸೆರೆವಾಸ, ಅಥವಾ 3 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ

ಅವಧಿ ಮೀರಿ ನೆಲೆಸಿದವರು ದೇಶ ಬಿಡಲು ನಿರ್ಗಮನ ಪರವಾನಗಿ ಪಡೆಯಬೇಕು. ಅವರ ಮೇಲೆ ಮೊಕದ್ದಮೆ ಬಾಕಿಯಿದ್ದರೆ ಅದು ಇತ್ಯರ್ಥವಾಗುವವರೆಗೆ ನಿರ್ಗಮನವೂ ಕಷ್ಟವಾಗುತ್ತದೆ. ಪಾಸ್‌ಪೋರ್ಟ್ ಕಳೆದುಕೊಂಡವರು ಮೊದಲು ಪೊಲೀಸರಿಗೆ ದೂರು ಕೊಟ್ಟು, ತಮ್ಮ ರಾಯಭಾರ ಕಚೇರಿಯಿಂದ ಹೊಸ ಪಾಸ್‌ಪೋರ್ಟ್ ಪಡೆದು, ಅದಕ್ಕೆ ವೀಸಾ ವರ್ಗಾಯಿಸಿಕೊಳ್ಳಬೇಕು. ಆಫ್ರಿಕಾದ ಬಹುತೇಕ ದೇಶಗಳ ರಾಯಭಾರ ಕಚೇರಿಗಳು ನವದೆಹಲಿಯಲ್ಲಿರುವುದರಿಂದ ಬೆಂಗಳೂರಿನ ವಿದ್ಯಾರ್ಥಿಗಳಿಗೆ ಇದು ಸಮಯ ಹಿಡಿಯುವ ಕೆಲಸ.

ಗಡೀಪಾರಿಗೆ ಕಾಯುತ್ತಿರುವ ವಿದೇಶಿಯರನ್ನು ಇರಿಸುವ ಕೇಂದ್ರವೊಂದನ್ನು ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ 2019ರಲ್ಲಿ ಸಜ್ಜುಗೊಳಿಸಲಾಯಿತು. ಅದಕ್ಕೆ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯದ ಕಟ್ಟಡವನ್ನು ಬಳಸಿಕೊಳ್ಳಲಾಯಿತು.

== 2016ರ ಸೋಲದೇವನಹಳ್ಳಿ ಘಟನೆ ==

2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಬಳಿ ಸುಡಾನ್ ಪ್ರಜೆಯೊಬ್ಬರ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಆಕೆಯ ಸಂಗಡಿಗರ ಮೇಲೆ ಗುಂಪೊಂದು ಹಲ್ಲೆ ನಡೆಸಿ ಅವರ ಕಾರಿಗೆ ಬೆಂಕಿ ಹಚ್ಚಿತು. ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಘಟನೆಯನ್ನು ಖಂಡಿಸಿದರು. ತಾಂಜಾನಿಯಾದ ಹೈಕಮಿಷನರ್ ಬೆಂಗಳೂರಿಗೆ ಬಂದರು. ಹಲವರನ್ನು ಬಂಧಿಸಲಾಯಿತು ಮತ್ತು ಕೆಲವು ಪೊಲೀಸ್ ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು.

ಘಟನೆಯ ನಂತರ ವಿದೇಶಿಯರ ದಾಖಲೆ ಪರಿಶೀಲನೆ ಮತ್ತು ವಿದೇಶಿ ವಿದ್ಯಾರ್ಥಿಗಳ ಸುರಕ್ಷತೆ ಎರಡೂ ಚರ್ಚೆಗೆ ಬಂದವು. ಹಲ್ಲೆಗೊಳಗಾದ ವಿದ್ಯಾರ್ಥಿನಿಯು ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದವರು. ನೋಂದಣಿಯು ವ್ಯಕ್ತಿಯ ವಾಸ್ತವ್ಯ ಸಕ್ರಮವೆಂಬುದಕ್ಕೆ ಸಾಕ್ಷಿಯೇ ಹೊರತು ಬೀದಿಯಲ್ಲಿ ಆತನ ಅಥವಾ ಆಕೆಯ ಸುರಕ್ಷತೆಗೆ ಖಾತರಿಯಲ್ಲ ಎಂಬುದನ್ನು ಈ ಪ್ರಕರಣ ತೋರಿಸಿತು.

== ವಿಶೇಷ ಸಂದರ್ಭಗಳು ==

ಕೋವಿಡ್-19 ಸಾಂಕ್ರಾಮಿಕದಿಂದಾಗಿ 2020ರ ಮಾರ್ಚ್‌ನಿಂದ ವಿಮಾನ ಸಂಚಾರ ಸ್ಥಗಿತಗೊಂಡಾಗ ದೇಶದಲ್ಲಿ ಸಿಲುಕಿದ ವಿದೇಶಿಯರ ವೀಸಾಗಳನ್ನು ಗೃಹ ಸಚಿವಾಲಯವು ದಂಡವಿಲ್ಲದೆ ಹಲವು ಬಾರಿ ಮುಂದುವರಿಸಿತು. ಈ ವಿನಾಯಿತಿ 2021ರವರೆಗೂ ಇತ್ತು.

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದ ಬಳಿಕ, ಭಾರತದ ಹೊರಗಿದ್ದ ಆಫ್ಘನ್ ಪ್ರಜೆಗಳಿಗೆ ಮೊದಲೇ ನೀಡಿದ್ದ ವೀಸಾಗಳನ್ನು ರದ್ದುಗೊಳಿಸಿ, ತುರ್ತು ಇ-ವೀಸಾ ಮೂಲಕವೇ ಬರಬೇಕೆಂದು ಆದೇಶಿಸಲಾಯಿತು. ತವರಿಗೆ ಹೋಗಿದ್ದ ವಿದ್ಯಾರ್ಥಿಗಳು ಹೊಸದಾಗಿ ಅರ್ಜಿ ಸಲ್ಲಿಸಬೇಕಾಯಿತು.

ಕರ್ನಾಟಕದ ಬೈಲಕುಪ್ಪೆ, ಮುಂಡಗೋಡ, ಹುಣಸೂರು ಮತ್ತು ಕೊಳ್ಳೇಗಾಲದ ಟಿಬೆಟನ್ ನೆಲೆಗಳ ನಿವಾಸಿಗಳು ಪ್ರತ್ಯೇಕ ನೋಂದಣಿ ಪ್ರಮಾಣಪತ್ರ ಹೊಂದಿರುತ್ತಾರೆ. ಬೈಲಕುಪ್ಪೆಯಂತಹ ನೆಲೆಗಳಲ್ಲಿ ತಂಗಲು ಇತರ ವಿದೇಶಿಯರು ಸಂರಕ್ಷಿತ ಪ್ರದೇಶದ ಪರವಾನಗಿ ಪಡೆಯಬೇಕು. ಬೆಂಗಳೂರಿನಲ್ಲಿ ಓದುವ ವಿದೇಶಿ ವಿದ್ಯಾರ್ಥಿಯ ವಾಸ್ತವ್ಯ ಪರವಾನಗಿ ಅದಕ್ಕೆ ಸಾಲದು.

== ಇತರ ದೇಶಗಳೊಂದಿಗೆ ಹೋಲಿಕೆ ==

ಕರ್ನಾಟಕದಿಂದ ವಿದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ಇಂತಹ ನಿಯಮಗಳಿವೆ. ಜರ್ಮನಿಯಲ್ಲಿ ಮನೆ ಸೇರಿದ 2 ವಾರಗಳೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅಲ್ಲಿಯೂ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಆದರೆ ಈ ನಿಯಮ ಜರ್ಮನ್ ನಾಗರಿಕರಿಗೂ ಒಂದೇ. ಅಮೆರಿಕದಲ್ಲಿ ವಿಳಾಸ ಬದಲಾದ 10 ದಿನಗಳೊಳಗೆ ತಿಳಿಸಬೇಕು. ವಿದ್ಯಾರ್ಥಿಗಳ ದಾಖಲೆಯನ್ನು ವಿಶ್ವವಿದ್ಯಾಲಯವೇ ನಿರ್ವಹಿಸುತ್ತದೆ. ಬ್ರಿಟನ್ ಕೆಲವು ದೇಶಗಳ ಪ್ರಜೆಗಳಿಗೆ ವಿಧಿಸಿದ್ದ ಪೊಲೀಸ್ ನೋಂದಣಿಯನ್ನು 2022ರಲ್ಲಿ ಕೈಬಿಟ್ಟಿತು.

== ಇವನ್ನೂ ನೋಡಿ ==

* ಚಿಕ್ಕಬಾಣಾವರ
* ವೀಸಾ
* ಪಾಸ್‌ಪೋರ್ಟ್
* ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ
* ಬೈಲಕುಪ್ಪೆ