ವಿವಿಕ್ತ ಗಣಿತದ ಪ್ರಥಮ ಪಾಠಕ್ರಮ: ಒಂದು ಐತಿಹಾಸಿಕ ವಿವೇಚನೆ

ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಆರಂಭದಲ್ಲಿ ಅಭ್ಯಸಿಸುವ ವಿವಿಕ್ತ ಗಣಿತವು, ಎಂದರೆ ‘ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್’, ಮೊದಲ ನೋಟಕ್ಕೆ ಬಿಡಿಬಿಡಿ ವಿಷಯಗಳ ಸಂಕಲನದಂತೆ ತೋರುತ್ತದೆ. ಗಣಗಳು, ತರ್ಕ, ಎಣಿಕೆ, ಗ್ರಾಫ್‌ಗಳು ಒಂದೇ ಪಾಠಕ್ರಮದಲ್ಲಿ ಏಕೆ ಸೇರಿದವು ಎಂಬ ಪ್ರಶ್ನೆಗೆ ಉತ್ತರವನ್ನು ಇತಿಹಾಸದಲ್ಲಿ ಹುಡುಕಬೇಕಾಗಿದೆ.

ಇವುಗಳಲ್ಲಿ ಯಾವುದೂ ಕಂಪ್ಯೂಟರಿಗಾಗಿ ಹುಟ್ಟಿದುದಲ್ಲ. ಹಲವು ವಸ್ತುಗಳಿಂದ ಕೆಲವನ್ನು ಆಯುವ ವಿಧಗಳ ಸಂಖ್ಯೆಗೆ ಸಾಮಾನ್ಯ ಸೂತ್ರವನ್ನು ಮಹಾವೀರಾಚಾರ್ಯನು ಸುಮಾರು 850ರಲ್ಲಿ, ರಾಷ್ಟ್ರಕೂಟ ನೃಪತುಂಗನ ಆಳ್ವಿಕೆಯಲ್ಲಿ, ‘ಗಣಿತಸಾರಸಂಗ್ರಹ’ದಲ್ಲಿ ನಿರೂಪಿಸಿದ್ದನು. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನು ಯೂಲರನು ವಿಚಾರ ಮಾಡಿದ್ದು 1730ರ ದಶಕದಲ್ಲಿ. ಜಾರ್ಜ್ ಬೂಲನ ತರ್ಕಗ್ರಂಥ ಪ್ರಕಟವಾದದ್ದು 1854ರಲ್ಲಿ. ಬೂಲನ ಬೀಜಗಣಿತವು ವಿದ್ಯುತ್ ಸ್ವಿಚ್ಚುಗಳ ಜೋಡಣೆಗೂ ಅನ್ವಯಿಸುತ್ತದೆಂದು ಕ್ಲಾಡ್ ಶ್ಯಾನನ್ 1937ರ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದರು. ಹಳೆಯ ತರ್ಕಕ್ಕೂ ಹೊಸ ಯಂತ್ರಕ್ಕೂ ಸಂಬಂಧ ಬೆಳೆದದ್ದು ಹೀಗೆ.

ಬಿಡಿ ವಿಷಯಗಳಿಗೆ ಪಾಠಕ್ರಮದ ರೂಪ ಕೊಟ್ಟವುಗಳಲ್ಲಿ ಅಮೆರಿಕದ ವಿದ್ವತ್ಸಂಸ್ಥೆಯಾದ ಎ.ಸಿ.ಎಂ. 1968ರಲ್ಲಿ ಹೊರಡಿಸಿದ ಶಿಫಾರಸು ಪ್ರಮುಖವಾದುದು. ಅದು ಸೂಚಿಸಿದ 22 ಪಾಠಕ್ರಮಗಳಲ್ಲಿ, ನಾಲ್ಕು ಮೂಲ ಪಾಠಕ್ರಮಗಳ ಸಾಲಿನಲ್ಲಿಯೇ, ವಿವಿಕ್ತ ರಚನೆಗಳ ಪ್ರವೇಶಪಾಠವಿತ್ತು. ವಾರಕ್ಕೆ ಮೂರು ಗಂಟೆಗಳ ಉಪನ್ಯಾಸ. ಪ್ರಯೋಗಶಾಲೆಯ ಅವಧಿ ಇಲ್ಲ. 1978ರ ಪರಿಷ್ಕರಣದಲ್ಲಾದರೋ ಈ ವಿಷಯವು ಗಣಿತದ ಪೋಷಕ ಪಾಠಗಳ ಪಟ್ಟಿಗೆ ಸರಿಯಿತು. ಕಂಪ್ಯೂಟರ್ ವಿಜ್ಞಾನವು ಗಣಿತದಿಂದ ಇಷ್ಟು ದೂರವೇ ಎಂದು ಆಂಥೊನಿ ರಾಲ್ಸ್ಟನ್ ಮತ್ತು ಮೇರಿ ಶಾ 1980ರಲ್ಲಿ ಆಕ್ಷೇಪವೆತ್ತಿದರು. 2001ರ ಶಿಫಾರಸು ವಿವಿಕ್ತ ರಚನೆಗಳನ್ನು ಕಡ್ಡಾಯ ತಿರುಳಿಗೆ ಮರಳಿ ಸೇರಿಸಿ, 43 ಗಂಟೆಗಳನ್ನು ಮೀಸಲಿಟ್ಟಿತು.

ಇದು ಕೇವಲ ವೇಳಾಪಟ್ಟಿಯ ವಿವಾದವಲ್ಲ. ಪಾಠವು ಎಲ್ಲಿ ನಿಲ್ಲುತ್ತದೆಂಬುದರ ಮೇಲೆ ಸಾಧನೆಗೆ, ಅಂದರೆ ಪ್ರಮಾಣೀಕರಣಕ್ಕೆ, ದೊರೆಯುವ ಬೆಲೆ ನಿಂತಿದೆ. ಒಂದು ನಿದರ್ಶನ ಸಾಕು. ಯಾವುದಾದರೊಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯನ್ನೂ 41ನ್ನೂ ಕೂಡಿಸಿದರೆ, 0 ಮೊದಲ್ಗೊಂಡು 39ರವರೆಗೆ ಪ್ರತಿಯೊಂದು ಫಲವೂ ಅವಿಭಾಜ್ಯ ಸಂಖ್ಯೆಯೇ. 40ನ್ನು ತೆಗೆದುಕೊಂಡರೆ 1681 ಬರುತ್ತದೆ. ಅದು 41ರ ವರ್ಗ. ನಲವತ್ತು ಪರೀಕ್ಷೆಗಳಲ್ಲಿ ತೇರ್ಗಡೆಯಾದ ನಿಯಮವು ನಲವತ್ತೊಂದನೆಯದರಲ್ಲಿ ಮುರಿದುಬೀಳುತ್ತದೆ.

ಕಾರ್ಯಕ್ರಮವನ್ನು ಕೆಲವು ಸಲ ಓಡಿಸಿ ನೋಡಿ ಸರಿಯೆನ್ನುವ ವಿದ್ಯಾರ್ಥಿಗೆ ಈ ಎಚ್ಚರವು ಮೊದಲಲ್ಲಿಯೇ ಬೇಕು. ಅಧ್ಯಾಪಕರು ಕಾಲಾಭಾವದಿಂದ ಗಣಿತೀಯ ಅನುಗಮನವನ್ನು ಕೈಬಿಟ್ಟು ಸೂತ್ರಗಳನ್ನು ಮಾತ್ರ ಕಂಠಪಾಠ ಮಾಡಿಸಿದರೆ, ಪಾಠಕ್ರಮದ ಹೆಸರು ಉಳಿದು ಅದರ ಪ್ರಯೋಜನ ಹೋಗುತ್ತದೆ. ಈ ವಿಷಯವನ್ನು ಮೂಲ ಪಾಠಗಳ ಸಾಲಿಗೆ ಸೇರಿಸಿದ 1968ರ ನಿರ್ಣಯದ ಮಹತ್ತ್ವವನ್ನು ಈ ದೃಷ್ಟಿಯಿಂದ ಅರಿಯಬೇಕು.